ನಿನ್ನ ಪರವಾಗಿ ಫೋನ್ ಮಾಡೋರು ಯಾರು?

ನನ್ನ ಬಳಿ ಸಲಹೆಗೆ ಬರುವ ಅಮೆರಿಕದ ಕನ್ನಡ ಕುಟುಂಬಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಕರಣವಾದ್ದರಿಂದ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ. ಮಗ ಅಲ್ಲೇ ಹುಟ್ಟಿ ಬೆಳೆದವನು, ಮೂವತ್ತರ ಹತ್ತಿರ. ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡವೊಂದರಲ್ಲಿ ಗ್ರಾಜುಯೇಟ್ ಅಸಿಸ್ಟೆಂಟ್ ಆಗಿ ದುಡಿಯುತ್ತಲೇ ಎಂ.ಎ. ಮುಗಿಸಿ, ಈಗ ಕಾಲೇಜು ಕ್ರೀಡೆಯ ಅತ್ಯುನ್ನತ ಹಂತವಾದ ಡಿವಿಷನ್ ಒಂದರ ಸಣ್ಣ ವಿಶ್ವವಿದ್ಯಾಲಯದಲ್ಲಿ ವಿಡಿಯೊ ಕೋಆರ್ಡಿನೇಟರ್, ಅಂದರೆ ಪಂದ್ಯಗಳ ವಿಡಿಯೊ ಕತ್ತರಿಸಿ ಕೋಚ್‌ಗಳಿಗೆ ಕೊಡುವವನು. ಅಸಿಸ್ಟೆಂಟ್ ಕೋಚ್ ಆಗಬೇಕೆಂಬ ಆಸೆ. ನಿದ್ದೆ ಕೆಟ್ಟಿತ್ತು, ಮದುವೆಯ ಮಾತೆತ್ತಿದರೆ ಮನೆಯಲ್ಲಿ ಜಗಳ.

ತಂದೆಯದು ಒಂದೇ ವಾದ: "ಇಷ್ಟು ಕಡಿಮೆ ಸಂಬಳ ಕೊಡ್ತಾರೆ ಅಂದ್ರೆ ಇವನಲ್ಲೇ ಏನೋ ಕೊರತೆ ಇರಬೇಕು." ಇದನ್ನು ಮೊದಲೇ ಅಲ್ಲಗಳೆದೆ. ಈ ವೃತ್ತಿಯ ಕೆಳಮೆಟ್ಟಿಲಲ್ಲಿ ಸಂಬಳ ಕಡಿಮೆ ಇರುವುದು ವ್ಯವಸ್ಥೆಯ ಸ್ವಭಾವ. 1992ರಲ್ಲಿ ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಸಂಸ್ಥೆಯಾದ ಎನ್‌ಸಿಎಎ ಒಂದು ದರ್ಜೆಯ ಕೋಚ್‌ಗಳಿಗೆ ವರ್ಷಕ್ಕೆ 16,000 ಡಾಲರ್ ಮಿತಿಯನ್ನೇ ಹೇರಿತ್ತು. ಆ ಕೋಚ್‌ಗಳು ನ್ಯಾಯಾಲಯದಲ್ಲಿ ಗೆದ್ದು, 1999ರಲ್ಲಿ 5.45 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಂದವಾಯಿತು. ಮಿತಿ ಹೋಯಿತು, ಆದರೆ ಸಾಲುಗಟ್ಟಿ ನಿಂತ ಆಕಾಂಕ್ಷಿಗಳು ಇಂದಿಗೂ ಕಡಿಮೆಯಾಗಿಲ್ಲ.

ಮಗನೋ ಬ್ರ್ಯಾಡ್ ಸ್ಟೀವನ್ಸ್ ಅವರ ಹೆಸರು ಹಿಡಿದು ಕೂತಿದ್ದ. ಔಷಧ ಕಂಪನಿಯ ಕೆಲಸ ಬಿಟ್ಟು 2000ದಲ್ಲಿ ಬಟ್ಲರ್ ವಿಶ್ವವಿದ್ಯಾಲಯದ ತಂಡ ಸೇರಿ, 2007ರಲ್ಲಿ ಅಲ್ಲೇ ಹೆಡ್ ಕೋಚ್ ಆದವರು. ಈ ಕನಸಿನಿಂದ ಬರುವ ಹುಡುಗರೆಲ್ಲ ಅವರನ್ನೇ ಉದಾಹರಿಸುತ್ತಾರೆ. ಅದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. 2001ರಲ್ಲಿ ಬಟ್ಲರ್‌ನ ಹೆಡ್ ಕೋಚ್ ಥ್ಯಾಡ್ ಮ್ಯಾಟಾ ಝೇವಿಯರ್ ವಿಶ್ವವಿದ್ಯಾಲಯಕ್ಕೆ ಹೋದರು, ಅವರ ಜಾಗಕ್ಕೆ ಬಂದ ಟಾಡ್ ಲಿಕ್‌ಲೈಟರ್ 2007ರಲ್ಲಿ ಅಯೋವಾ ವಿಶ್ವವಿದ್ಯಾಲಯಕ್ಕೆ ಹೋದರು. ಮೇಲಿನವರು ಎರಡು ಸಲವೂ ಗೆದ್ದು, ದೊಡ್ಡ ಹುದ್ದೆಗೆ ಹೋಗಿ ಜಾಗ ಬಿಟ್ಟುಕೊಟ್ಟರು. ಸ್ಟೀವನ್ಸ್ ಅವರ ಪ್ರತಿಭೆಯಷ್ಟೇ ಇದೂ ಕೆಲಸ ಮಾಡಿತು. ಹೆಡ್ ಕೋಚ್ ಸೋತು ಮನೆಗೆ ಹೋದರೆ ಅವರ ಸಿಬ್ಬಂದಿಯೂ ಸಾಮಾನ್ಯವಾಗಿ ಜೊತೆಗೇ ಹೋಗುತ್ತಾರೆ.

ಪ್ರಕರಣ ತಿರುಗಿದ್ದು ಅಲ್ಲಿಯವರೆಗೂ ಸುಮ್ಮನಿದ್ದ ತಾಯಿಯ ಒಂದು ಮಾತಿನಿಂದ.

"ಅಲ್ಲ ಕಣೋ, ಈ ಕೆಲಸ ಸಿಗೋದಾದ್ರೂ ಹೇಗೆ? ಅರ್ಜಿ ಹಾಕ್ತೀರಾ?"

"ಅರ್ಜಿ ಹೆಸರಿಗಷ್ಟೇ ಅಮ್ಮ. ಹೊಸ ಹೆಡ್ ಕೋಚ್‌ಗೆ ಅವರು ನಂಬೋ ಯಾರಾದ್ರೂ ಫೋನ್ ಮಾಡಿ ನಮ್ಮ ಹೆಸರು ಹೇಳಬೇಕು."

"ಹಂಗಾದ್ರೆ ನಿನ್ನ ಪರವಾಗಿ ಫೋನ್ ಮಾಡೋರು ಯಾರು?"

ಅವನು ಒಂದೇ ಹೆಸರು ಹೇಳಿದ: ಈಗಿನ ಹೆಡ್ ಕೋಚ್. ಅವರ ತಂಡ ಸತತವಾಗಿ ಸೋಲುತ್ತಿತ್ತು, ಕರಾರಿನ ಕೊನೆಯ ವರ್ಷ ಬೇರೆ. ತನ್ನ ಕೆಲಸವನ್ನು ಕಣ್ಣಾರೆ ಕಂಡ ಹೊರಗಿನ ಕೋಚ್‌ಗಳ ಹೆಸರು ಬರೆಯಲು ಹೇಳಿದೆ. ಬಹಳ ಹೊತ್ತು ಪೆನ್ನು ಹಿಡಿದು ಕೂತ, ಹಾಳೆ ಖಾಲಿಯೇ ಉಳಿಯಿತು. ರಾತ್ರಿ ಎರಡರವರೆಗೆ ಕೂತು ಎದುರಾಳಿಗಳ ಆಟದ ತುಣುಕು ಕತ್ತರಿಸುತ್ತಿದ್ದವನಿಗೆ, ತನ್ನ ನಿದ್ದೆಗೆಡಿಸುತ್ತಿದ್ದುದು ಏನೆಂದು ಆಗ ತಿಳಿಯಿತು. ಇಡೀ ಬದುಕು ಒಬ್ಬರ ಸೋಲು-ಗೆಲುವಿಗೆ ಕಟ್ಟಿಕೊಂಡಿತ್ತು.

ನನ್ನ ಸಲಹೆ ಇಷ್ಟು. ಬೇಡಿಕೆಯನ್ನು ಹೆಡ್ ಕೋಚ್ ಮುಂದೆ ಸೆಪ್ಟೆಂಬರಿನಲ್ಲೇ ಇಡು. ನವೆಂಬರಿನಲ್ಲಿ ಪಂದ್ಯ ಶುರುವಾದ ಮೇಲೆ ಅವರಿಗೆ ಕಿವಿ ಇರುವುದಿಲ್ಲ. "ಈ ಋತುವಿನಲ್ಲಿ ಎರಡು ಎದುರಾಳಿಗಳ ಸ್ಕೌಟ್ ಪೂರ್ತಿ ನನಗೆ ಕೊಡಿ" ಎಂದು ನಿಖರವಾಗಿ ಕೇಳು. ಹಿಂದಿನ ನಾಲ್ಕೈದು ಪಂದ್ಯ ನೋಡುವುದು, ಮುಖ್ಯ ಆಟಗಾರರ ಅಭ್ಯಾಸಬಲ ಗುರುತಿಸುವುದು, ಅವರ ಸೆಟ್‌ಗಳನ್ನು (ಮೊದಲೇ ಹೆಣೆದ ಆಟದ ತಂತ್ರಗಳನ್ನು) ಅಭ್ಯಾಸದಲ್ಲಿ ನಡೆಸಿ ತೋರಿಸುವುದು, ಎಲ್ಲವೂ ನಿನ್ನದೇ ಆಗಲಿ. 2023ರ ಜುಲೈಯಿಂದ ಡಿವಿಷನ್ ಒಂದರ ಬ್ಯಾಸ್ಕೆಟ್‌ಬಾಲ್ ತಂಡಗಳಲ್ಲಿ ಇನ್ನಿಬ್ಬರಿಗೆ ಅಂಗಳದಲ್ಲಿ ತರಬೇತಿ ಕೊಡುವ ಅವಕಾಶ ತೆರೆಯಿತು. ಕ್ಯಾಂಪಸ್ಸಿನ ಹೊರಗೆ ರಿಕ್ರೂಟಿಂಗ್‌ಗೆ, ಅಂದರೆ ಹೊಸ ಆಟಗಾರರನ್ನು ಹುಡುಕಿ ತಂಡಕ್ಕೆ ಒಲಿಸಲು, ಹೋಗುವ ಅವಕಾಶ ಮಾತ್ರ ಅವರಿಗೆ ಕೊಡಲಿಲ್ಲ. ಆ ಇಬ್ಬರಲ್ಲಿ ತಾನೂ ಒಬ್ಬನಾಗಬಹುದೇ ಎಂದು ಈತ ಕೇಳಿಯೇ ಇರಲಿಲ್ಲ.

ಪಂದ್ಯ ಮುಗಿದ ಮೇಲೆ ಎದುರಾಳಿ ತಂಡದ ಒಬ್ಬ ಅಸಿಸ್ಟೆಂಟ್‌ಗೆ ಎರಡು ಸಾಲಿನ ಸಂದೇಶ ಕಳಿಸು. ಅವರ ಯಾವ ಆಟ ನಿಮಗೆ ಕಷ್ಟ ಕೊಟ್ಟಿತು ಎಂದು ಬರೆ, ಕೆಲಸ ಕೇಳಬೇಡ. ರಾಷ್ಟ್ರೀಯ ಕಾಲೇಜು ಟೂರ್ನಿಯ ಕೊನೆಯ ಹಂತವಾದ ಫೈನಲ್ ಫೋರ್ ನಡೆಯುವ ಊರಿನಲ್ಲೇ ಕೋಚ್‌ಗಳ ಸಮಾವೇಶವೂ ಇರುತ್ತದೆ. ಅಲ್ಲಿಗೆ ಹೋಗಿ ಹೋಟೆಲಿನ ಲಾಬಿಯಲ್ಲಿ ನಿಂತರೆ ಪ್ರಯೋಜನ ಕಡಿಮೆ, ಹದಿನೈದು ನಿಮಿಷದ ಭೇಟಿಗಳನ್ನು ಮುಂಚೆಯೇ ನಿಗದಿ ಮಾಡಿಕೋ. ಕೈಯಲ್ಲಿ ಎರಡು ಸ್ಕೌಟ್ ವರದಿ ಇರಲಿ, ಒಬ್ಬ ಆಟಗಾರ ನಿನ್ನ ತರಬೇತಿಯಲ್ಲಿ ಸುಧಾರಿಸಿದ ವಿಡಿಯೊ ಇರಲಿ. ಈಗಿನ ತಂಡದ ಒಳಗುಟ್ಟು ಯಾವುದೂ ಅದರಲ್ಲಿ ಬರಬಾರದು. ಬಂದರೆ ನೋಡಿದವರು ಮೆಚ್ಚುವುದಿರಲಿ, ನಾಳೆ ನಮ್ಮದನ್ನೂ ಹೀಗೇ ತೋರಿಸುತ್ತಾನೆ ಎಂದುಕೊಳ್ಳುತ್ತಾರೆ.

ದುಡ್ಡಿನ ವಿಷಯ: ಆರು ತಿಂಗಳ ಖರ್ಚು ಬೇರೆ ಇಡಬೇಕು, ಮನೆ ಬಾಡಿಗೆ ಕರಾರಿನಲ್ಲಿ ಮುಂಚೆಯೇ ಬಿಡುವ ಅವಕಾಶವಿರಬೇಕು. ಭಾರತದಿಂದ ಹೋಗಿ ಎಚ್-1ಬಿ ಮೇಲೆ ಇರುವವರ ಲೆಕ್ಕ ಇನ್ನೂ ಬಿಗಿ. ಕೆಲಸ ಹೋದರೆ ಬೇರೆ ಕೆಲಸ ಹುಡುಕಿಕೊಳ್ಳಲು ಅವರಿಗೆ ಸಿಗುವುದು ಗರಿಷ್ಠ 60 ದಿನ.

ತಂದೆ ಒಪ್ಪದ ಸಲಹೆ ಒಂದಿದೆ, ಅದನ್ನು ಈಗಲೂ ಸಮರ್ಥಿಸುತ್ತೇನೆ. ಒಂದು ಹಂತ ಕೆಳಗಿನ ಡಿವಿಷನ್ ಎರಡರ ತಂಡದಲ್ಲಿ ರಿಕ್ರೂಟಿಂಗ್ ಜವಾಬ್ದಾರಿಯೊಂದಿಗೆ ಅಸಿಸ್ಟೆಂಟ್ ಹುದ್ದೆ ಸಿಕ್ಕರೆ ಹೋಗು ಎಂದೆ. "ಕೆಳಗಿಳಿಸ್ತಿದ್ದೀರಲ್ಲ ಮೇಡಂ" ಎಂದು ಅವರು ನೊಂದುಕೊಂಡರು. ಆದರೆ ಸಣ್ಣ ತಂಡದಲ್ಲಿ ಕೋಚ್‌ಗಳೇ ಇಬ್ಬರು ಮೂವರು. ಸ್ಕೌಟ್, ತರಬೇತಿ, ಪ್ರವಾಸದ ಏರ್ಪಾಡು, ಹೈಸ್ಕೂಲ್ ಕೋಚ್‌ಗಳ ಒಡನಾಟ ಎಲ್ಲವೂ ಮೈಮೇಲೆ ಬೀಳುತ್ತದೆ. ಹೊರಗಿನವರ ಕಣ್ಣಿಗೆ ಬೀಳುವುದು ಈ ಕೆಲಸ. ಕತ್ತಲೆ ಕೋಣೆಯಲ್ಲಿ ವಿಡಿಯೊ ಕತ್ತರಿಸುವವನ ಶ್ರಮ ಅವನ ಹೆಡ್ ಕೋಚ್‌ನ ಆಚೆ ಯಾರಿಗೂ ಗೊತ್ತಾಗುವುದಿಲ್ಲ.

ವಯಸ್ಸಿನ ಗಡುವು ಹಾಕಿ ಎಂದೂ ತಂದೆ ಕೇಳಿದ್ದರು. ನಾನು ಹಾಕಲಿಲ್ಲ. ನೇಮಕಾತಿ ಬಿರುಸಾಗುವುದು ಮಾರ್ಚ್‌ನಿಂದ ಮೇವರೆಗೆ, ಹುಟ್ಟುಹಬ್ಬದ ದಿನವಲ್ಲ. ಹಾಗಾಗಿ ಎರಡು ನೇಮಕಾತಿ ಋತು ಎಂದು ಒಪ್ಪಿಕೊಂಡೆವು: ಅಷ್ಟರಲ್ಲಿ ಸ್ಕೌಟ್ ಅಥವಾ ರಿಕ್ರೂಟಿಂಗ್ ಜವಾಬ್ದಾರಿಯ ಹುದ್ದೆ ಸಿಗದಿದ್ದರೆ ಹೈಸ್ಕೂಲ್ ಕೋಚಿಂಗ್ ಮತ್ತು ಅಧ್ಯಾಪಕ ವೃತ್ತಿಯ ದಾರಿ ನೋಡುವುದು. ಹೆಣ್ಣಿನ ಕಡೆಯವರಿಗೆ ಮೊದಲ ಮಾತುಕತೆಯಲ್ಲೇ ಹೇಳಬೇಕಾದ್ದನ್ನೂ ಬರೆದುಕೊಟ್ಟೆ: ನವೆಂಬರಿನಿಂದ ಮಾರ್ಚ್‌ವರೆಗೆ ಸಂಜೆಗಳು ಇಲ್ಲ, ಕ್ರಿಸ್‌ಮಸ್ ರಜೆ ಪೂರ್ತಿ ಸಿಗುವುದಿಲ್ಲ, ಎರಡು ಮೂರು ವರ್ಷಕ್ಕೊಮ್ಮೆ ರಾಜ್ಯ ಬದಲಾಗಬಹುದು.

ಆ ಮಾರ್ಚ್‌ನಲ್ಲಿ ಹೆಡ್ ಕೋಚ್ ಕೆಲಸ ಹೋಯಿತು, ಇವನದೂ. ಆದರೆ ಸ್ಕೌಟ್ ಮಾಡಿದ್ದ ಎರಡು ತಂಡಗಳ ಪೈಕಿ ಒಂದರ ಅಸಿಸ್ಟೆಂಟ್ ಇವನಿಗಾಗಿ ಫೋನ್ ಮಾಡಿದರು. ಈಗ ಡಿವಿಷನ್ ಎರಡರಲ್ಲಿದ್ದಾನೆ, ಸಂಬಳ ಹಿಂದಿನಷ್ಟೇ. ತಂದೆಗೆ ಇನ್ನೂ ಸಮಾಧಾನವಿಲ್ಲ. ಪಂದ್ಯದ ತಿಂಗಳುಗಳಲ್ಲಿ ಕೆಲಸದ ಭವಿಷ್ಯ ಕೇಳಬೇಡಿ, ಮೇ ಕೊನೆಯಲ್ಲಿ ಕೂತು ಪೂರ್ತಿ ಲೆಕ್ಕ ಕೇಳಿ ಎಂದಿದ್ದೇನೆ. ಅದಕ್ಕೆ ಒಪ್ಪಿದ್ದಾರೆ.