ದಾಸವಾಳದ ಎಲೆ ಮುದುಡುತ್ತಿದೆ, ಯಾವ ಔಷಧಿ ಹೊಡೆಯಲಿ?

ಮೈಸೂರಿನಿಂದ ವರ್ಗವಾಗಿ ಕಲಬುರಗಿಗೆ ಬಂದಿದ್ದೀರಿ. ಸಾಮಾನಿನ ಲಾರಿಯಲ್ಲಿ ನಾಲ್ಕು ದಾಸವಾಳದ ಕುಂಡಗಳನ್ನೂ ತಂದು, ಇಲ್ಲಿಯ ಹೊಲದ ಮಣ್ಣು ತುಂಬಿದ ದೊಡ್ಡ ಕುಂಡಗಳಿಗೆ ಬದಲಿಸಿ ಮಾಳಿಗೆಯ ಮೇಲೆ ಇಟ್ಟಿದ್ದೀರಿ. ಈಗ ಏಪ್ರಿಲ್‌ನಲ್ಲಿ ಎಲೆಗಳು ಮುದುಡುತ್ತಿವೆ, ಮೊಗ್ಗು ಉದುರುತ್ತಿವೆ, ಯಾವ ಔಷಧಿ ಹೊಡೆಯಲಿ ಎಂದು ಕೇಳಿದ್ದೀರಿ. ಸದ್ಯಕ್ಕೆ ಯಾವುದನ್ನೂ ಹೊಡೆಯಬೇಡಿ. ಹೊಡೆದು ಕೆಟ್ಟವಳು ನಾನು, ಆ ಕತೆಗೆ ಆಮೇಲೆ ಬರುತ್ತೇನೆ.

ಮೊದಲು ಗಿಡವನ್ನು ದಿನಕ್ಕೆ ಎರಡು ಸಲ ನೋಡಿ, ಮಧ್ಯಾಹ್ನ ಎರಡಕ್ಕೊಮ್ಮೆ, ಬೆಳಗಿನ ಆರಕ್ಕೊಮ್ಮೆ. ಮಧ್ಯಾಹ್ನ ದೊನ್ನೆಯಂತೆ ಮೇಲಕ್ಕೆ ಮಡಚಿದ ಎಲೆ ಬೆಳಿಗ್ಗೆ ನೆಟ್ಟಗೆ ಬಿಚ್ಚಿಕೊಂಡಿದ್ದರೆ ಅದು ರೋಗವಲ್ಲ. ನೀರು ಹೆಚ್ಚು ಆವಿಯಾಗಿ ಹೋಗದಂತೆ ಗಿಡ ತನ್ನ ಎಲೆಯನ್ನು ಬಿಸಿಲಿನಿಂದ ಮರೆಮಾಡಿಕೊಳ್ಳುತ್ತಿದೆ, ಅಷ್ಟೇ. ಇಲ್ಲಿಯ ಬೇಸಿಗೆಯಲ್ಲಿ 42 ಡಿಗ್ರಿ ದಾಟುವುದು ವಿಶೇಷವೇನಲ್ಲ. ಮೈಸೂರಿನ ಗಿಡಕ್ಕೆ ಇದು ಹೊಸದು. ಅದರ ಮೇಲೆ ನಿಮ್ಮ ಮಾಳಿಗೆಗೆ ಶಹಾಬಾದಿ ಕಲ್ಲು ಹಾಸಿದ್ದರಂತೂ, ಸಂಜೆ ಏಳಕ್ಕೂ ಬರಿಗಾಲಿನಲ್ಲಿ ನಿಲ್ಲಲಾಗದ ಆ ಕಲ್ಲಿನ ಮೇಲೆ ಕಪ್ಪು ಪ್ಲಾಸ್ಟಿಕ್ ಕುಂಡದೊಳಗೆ ಬೇರುಗಳು ಬೇಯುತ್ತಿರುತ್ತವೆ. ಕುಂಡದ ಕೆಳಗೆ ಎರಡೆರಡು ಇಟ್ಟಿಗೆ ಕೊಡಿ. ಸುತ್ತ ಗೋಣಿಚೀಲ ಸುತ್ತಿ. ಬೆಳಗಿನ ಬಿಸಿಲು ಸಿಕ್ಕು ಮಧ್ಯಾಹ್ನದ ನಂತರ ನೆರಳು ಬೀಳುವ ಕಡೆ ಸರಿಸಿ, ಜಾಗವಿಲ್ಲದಿದ್ದರೆ ಹಸಿರು ನೆರಳುಪರದೆ ಕಟ್ಟಿ. ಮಣ್ಣಿನ ಮೇಲೆ ಎರಡು ಬೆರಳು ದಪ್ಪ ತೊಗರಿ ಹೊಟ್ಟು ಹರಡಿ, ಈ ಊರಿನಲ್ಲಿ ಅದಕ್ಕೇನು ಬರವಿಲ್ಲ.

ಬೆಳಿಗ್ಗೆಯೂ ಎಲೆ ಬಿಚ್ಚಿಕೊಂಡಿಲ್ಲವೇ? ಹಾಗಾದರೆ ಮಣ್ಣು ನೋಡಿ. ನನಗೆ ಬಲವಾದ ಅನುಮಾನ ಇರುವುದು ಇಲ್ಲಿಯೇ. ನಮ್ಮ ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಹೊಲದಲ್ಲಿ ಬಿರುಕು ಬಿಡುವ ಮಣ್ಣು ಕುಂಡದಲ್ಲಿ ಗೋಡೆಯನ್ನು ಬಿಟ್ಟು ಒಳಕ್ಕೆ ಸರಿಯುತ್ತದೆ. ಕುಂಡದ ಅಂಚಿನಲ್ಲಿ ಬೆರಳು ಇಳಿಸಿ ನೋಡಿ, ಸಂದು ಸಿಕ್ಕೀತು. ನೀವು ಹಾಕಿದ ತಂಬಿಗೆ ನೀರು ಆ ಸಂದಿನಿಂದ ಸರ್ರನೆ ಇಳಿದು ತಳದ ತೂತಿನಿಂದ ಹೊರಬೀಳುತ್ತದೆ. ತಟ್ಟೆಯಲ್ಲಿ ನೀರು ಕಂಡ ನೀವು ಗಿಡದ ಹೊಟ್ಟೆ ತುಂಬಿತು ಎಂದುಕೊಳ್ಳುತ್ತೀರಿ, ಒಳಗೆ ಬೇರಿನ ಗಡ್ಡೆ ಒಣಗಿದ ಇಟ್ಟಿಗೆಯಂತೆ ಕೂತಿರುತ್ತದೆ. ನಮ್ಮ ಮನೆಯ ಒಂದು ಕುಂಡ ಹೀಗೆ ಮೂರು ವಾರ ದಿನವೂ ನೀರು ಹಾಕಿಸಿಕೊಂಡು ಬಾಯಾರಿಕೆಯಿಂದ ಸೊರಗಿತು. ಕುಂಡವನ್ನು ನೀರು ತುಂಬಿದ ಬಕೆಟ್ಟಿನಲ್ಲಿ ಇಳಿಸಿದಾಗ ಐದು ನಿಮಿಷ ಗುಳುಗುಳು ಗುಳ್ಳೆಗಳು ಬಂದವು. ಅಷ್ಟು ಒಣಗಿತ್ತು.

ನೀವೂ ಹಾಗೆಯೇ ಮುಳುಗಿಸಿ, ಗುಳ್ಳೆ ನಿಂತ ಮೇಲೆ ತೆಗೆದು ಬಸಿಯಲು ಬಿಡಿ. ಇದು ತಾತ್ಪೂರ್ತಿಕ ಉಪಾಯ. ಮೊದಲ ಮಳೆ ಬಿದ್ದು ಹವೆ ತಣಿದ ಮೇಲೆ ಮಣ್ಣನ್ನೇ ಬದಲಿಸಿ: ಬೀದರ್ ಕಡೆಯ ಕೆಂಪು ಮಣ್ಣು ಸಿಕ್ಕರೆ ಅದು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ, ಸ್ವಲ್ಪ ಮರಳು. ಎರೆಮಣ್ಣು ಒಂದು ಹಿಡಿ ಇದ್ದರೆ ತಪ್ಪಿಲ್ಲ, ಕುಂಡದ ತುಂಬ ಅದೇ ಇರಬಾರದು. ಈ ಬಿಸಿಲಿನಲ್ಲಿ ಬೇರು ಕೆದಕಲು ಮಾತ್ರ ಹೋಗಬೇಡಿ. ಇದೇ ಮಣ್ಣಿನಲ್ಲಿ ಉಲ್ಟಾ ತೊಂದರೆಯೂ ಇದೆ. ತೂತು ಮುಚ್ಚಿಹೋಗಿ ನೀರು ನಿಂತರೆ ಬೇರು ಕೊಳೆತು ಎಲೆ ಹಳದಿಯಾಗಿ ಜೋಲುತ್ತದೆ. ತೂತಿಗೆ ಒಂದು ಕಡ್ಡಿ ಹಾಕಿ ನೋಡುವುದು ಅರ್ಧ ನಿಮಿಷದ ಕೆಲಸ.

ನೀರು, ಬಿಸಿಲು ಎರಡೂ ಸರಿಯಾಗಿದ್ದು ತುದಿಯ ಎಳೆ ಎಲೆಗಳು ಮಾತ್ರ ಮುರುಟುತ್ತಿದ್ದರೆ ಅದು ರಸ ಹೀರುವ ಹುಳುಗಳ ಕೆಲಸ. ಇಲ್ಲಿ ಬರುತ್ತದೆ ನನ್ನ ಕತೆ.

ಕೆಲವು ವರ್ಷಗಳ ಹಿಂದೆ, ಇಂಥದೇ ಏಪ್ರಿಲ್. ಎಲೆ ಮುರುಟಿದ್ದು ನೋಡಿ ಅಂಗಡಿಯಿಂದ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ತಂದು ವಾರಕ್ಕೊಮ್ಮೆಯಂತೆ ಮೂರು ಸಲ ಹೊಡೆದೆ. ಎಲೆಗಳು ಇನ್ನಷ್ಟು ಬಿಳಿಚಿಕೊಂಡವು, ಮೊಗ್ಗುಗಳು ಜೋಳದ ಕಾಳಿನಷ್ಟಿರುವಾಗಲೇ ಉದುರಿದವು. ನಮ್ಮ ಪಕ್ಕದ ಮನೆಯಲ್ಲಿ ಶಹಾಪುರದ ಕಡೆ ಮೆಣಸಿನಕಾಯಿ ಬೆಳೆದು ಪಳಗಿದ ಕಾಕಾ ಒಬ್ಬರಿದ್ದಾರೆ. ಅವರು ಮಾಳಿಗೆಗೆ ಬಂದವರೇ, "ತಂಗಿ, ಒಂದು ಬಿಳಿ ಹಾಳೆ ತಾ" ಎಂದರು. ಮುರುಟಿದ ಟೊಂಗೆಯ ಕೆಳಗೆ ಹಾಳೆ ಹಿಡಿದು ಟೊಂಗೆಯನ್ನು ನಾಲ್ಕು ಸಲ ತಟ್ಟಿದರು. ಹಾಳೆಯ ಮೇಲೆ ಬಿದ್ದದ್ದು ಧೂಳು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಧೂಳು ನಡೆಯತೊಡಗಿತು. ಕಾಕಾ ಬೆರಳಿನಿಂದ ಒರೆಸಿದಾಗ ಹಾಳೆಯ ಮೇಲೆ ಕೆಂಪು ಗೀರು ಮೂಡಿತು. ಕೆಂಪು ನುಸಿ. ಅದು ಕೀಟವಲ್ಲ, ಎಂಟು ಕಾಲಿನ ಜೇಡನ ಬಳಗ. ನಾನು ಹೊಡೆದ ಔಷಧಿ ಅದಕ್ಕೆ ತಗಲುವುದೇ ಇಲ್ಲ, ಬದಲಿಗೆ ಅದನ್ನು ತಿನ್ನುವ ಹುಳುಗಳನ್ನು ಕೊಂದು ಅದಕ್ಕೆ ಹಾದಿ ಸುಗಮ ಮಾಡಿಕೊಟ್ಟಿರುತ್ತದೆ. ಹೂವಿಗೆ ಬರುವ ಜೇನಿಗೂ ಆ ಔಷಧಿ ವಿಷ. ದುಡ್ಡು ಕೊಟ್ಟು ನುಸಿ ಸಾಕಿದ್ದೆ.

ಆ ದಿನ ಕಾಕಾ ಹೇಳಿಕೊಟ್ಟ ಮೆಣಸಿನ ಹೊಲದ ಲೆಕ್ಕ ದಾಸವಾಳಕ್ಕೂ ಬಹುಮಟ್ಟಿಗೆ ಹೊಂದುತ್ತದೆ. ಎಲೆಯ ಅಂಚು ದೋಣಿಯಂತೆ ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್ ಎಂಬ ಸಣ್ಣ ಕೀಟ, ಕೆಳಕ್ಕೆ ಬಾಗಿದ್ದರೆ ನುಸಿ. ಎಲೆಯ ಅಂಚು ಹಳದಿಯಾಗಿ ಕ್ರಮೇಣ ಸುಟ್ಟಂತಾದರೆ ಜಿಗಿಹುಳು. ಎಲೆ ತಿರುವಿದ ಕೂಡಲೇ ಅಡ್ಡಡ್ಡ ಓಡುವ ಹಸಿರು ಚುಕ್ಕಿ ಅದೇ, ಬೆಂಡೆ ಮತ್ತು ಹತ್ತಿಯಿಂದ ಬರುತ್ತದೆ. ಎಲೆ ಅಂಟಂಟಾಗಿ ಇರುವೆ ಹತ್ತಿದ್ದರೆ ಗಿಡಹೇನು. ತುದಿ ಗಂಟುಕಟ್ಟಿ, ನಡುವೆ ಹತ್ತಿಯಂಥ ಬಿಳಿಪು ಕಂಡರೆ ಹಿಟ್ಟು ತಿಗಣೆ; ಆ ತುದಿಯನ್ನು ಕತ್ತರಿಸಿ ಚೀಲದಲ್ಲಿ ಕಟ್ಟಿ ಎಸೆಯಿರಿ, ಬುಡದಲ್ಲಿ ಬಿಡಬೇಡಿ.

ನುಸಿಗೆ ನೀರೇ ಮೊದಲ ಮದ್ದು. ಬೆಳಿಗ್ಗೆ ಪೈಪಿನಿಂದ ಎಲೆಯ ಕೆಳಮೈಗೆ ಜೋರಾಗಿ ಬಿಡಿ. ಒಂದು ಸಲ ಮಾಡಿ ಸುಮ್ಮನಾದರೆ ಫಲವಿಲ್ಲ, ಈ ಸೆಕೆಯಲ್ಲಿ ಮೊಟ್ಟೆಯಿಂದ ದೊಡ್ಡದಾಗಲು ನುಸಿಗೆ ಒಂದು ವಾರ ಸಾಕು. ಮೂರು ದಿನಕ್ಕೊಮ್ಮೆಯಂತೆ ನಾಲ್ಕೈದು ಸಲ ತೊಳೆಯಿರಿ. ನೀರಿನ ಅಭಾವದ ದಿನಗಳಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದರೂ ಆದೀತು, ನಾನು ಟಿವಿ ನೋಡುತ್ತಾ ಒರೆಸಿದ್ದೇನೆ. ಉಳಿದ ಹುಳುಗಳಿಗೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ದ್ರಾವಣ ಹಾಕಿ ಎಣ್ಣೆ ತೇಲದಂತೆ ಕಲಕಿ, ಬಿಸಿಲು ಇಳಿದ ಮೇಲೆ ಸಿಂಪಡಿಸಿ. ಮೊದಲು ಒಂದೇ ಟೊಂಗೆಗೆ ಹೊಡೆದು ಎರಡು ದಿನ ಕಾಯಿರಿ. ನೀರಿನಲ್ಲಿ ಕರಗುವ ಗಂಧಕವನ್ನು ನುಸಿಗೆ ಯಾರಾದರೂ ಹೇಳಿದರೆ, ಹೇಳಿದ್ದು ಸರಿಯೇ, ಆದರೆ ಕಲಬುರಗಿಯ ಬೇಸಿಗೆಗೆ ಅಲ್ಲ. ಬಿಸಿಲಿಗೆ ಎಲೆ ಸುಡುತ್ತದೆ. ಬೇವಿನ ಎಣ್ಣೆ ಹೊಡೆದ ಎರಡು ವಾರದೊಳಗಂತೂ ಅದು ಬೇಡವೇ ಬೇಡ.

ಇನ್ನೊಂದು ಸಾಧ್ಯತೆ ಉಳಿಯಿತು, ಹೇಳಲು ಮನಸ್ಸಿಲ್ಲ. ಎಲೆಯನ್ನು ಬೆಳಕಿಗೆ ಹಿಡಿಯಿರಿ. ನರಗಳು ದಪ್ಪಗಾಗಿ ಕಡುಹಸಿರು ಬಣ್ಣಕ್ಕೆ ತಿರುಗಿದ್ದರೆ, ಕೆಳಮೈಯಲ್ಲಿ ನರದ ಮೇಲೆ ಪುಟ್ಟ ಎಲೆಯಂಥ ಚಿಗುರು ಎದ್ದಿದ್ದರೆ, ಅದು ಬಿಳಿನೊಣ ಹರಡುವ ಎಲೆಮುಟುರು ವೈರಸ್. ದಾಸವಾಳ, ಹತ್ತಿ, ಬೆಂಡೆ ಒಂದೇ ಕುಟುಂಬ, ಒಂದರ ಬೇನೆ ಇನ್ನೊಂದಕ್ಕೆ ದಾಟಬಲ್ಲದು. ಇದಕ್ಕೆ ಯಾವ ಅಂಗಡಿಯಲ್ಲಿಯೂ ಔಷಧಿಯಿಲ್ಲ. ಆ ಗಿಡವನ್ನು ಕಿತ್ತು ಉಳಿದ ಮೂರನ್ನು ಉಳಿಸಿಕೊಳ್ಳಿ, ಅದರ ಟೊಂಗೆ ಮುರಿದು ಯಾರಿಗೂ ನೆಡಲು ಕೊಡಬೇಡಿ. ಹಳದಿ ಅಂಟುಹಾಳೆಯನ್ನು ಗಿಡದ ಎತ್ತರಕ್ಕೆ ತೂಗುಹಾಕಿದರೆ ಬಿಳಿನೊಣ ಇದೆಯೋ ಇಲ್ಲವೋ ಎರಡು ದಿನದಲ್ಲಿ ತಿಳಿಯುತ್ತದೆ. ಕೀಳುವ ಮುನ್ನ ಖಚಿತಪಡಿಸಿಕೊಳ್ಳಬೇಕೆಂದರೆ ನಾಲ್ಕು ಎಲೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಇಲ್ಲಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ತೋರಿಸಿ.

ಮೊಗ್ಗಿನ ಬಗ್ಗೆಯೂ ಕೇಳಿದ್ದೀರಿ. ದೊಡ್ಡ ಹೂವಿನ ಹೈಬ್ರಿಡ್ ತಳಿಗಳು ಈ ಸೆಕೆಗೆ ಮೊಗ್ಗು ಬಿಸಾಡುತ್ತವೆ, ಮಳೆ ಬಂದ ಮೇಲೆ ಸರಿಹೋಗುತ್ತವೆ. ದೇವರಿಗೆ ದಿನಾ ಹೂವು ಬೇಕೆಂದರೆ ಐದೆಸಳಿನ ಕೆಂಪು ನಾಟಿ ದಾಸವಾಳ ಒಂದನ್ನು ಇಟ್ಟುಕೊಳ್ಳಿ. ಈಗ ಯೂರಿಯಾ ಮಾತ್ರ ಹಾಕಬೇಡಿ. ಮೆತ್ತನೆಯ ಚಿಗುರು ಒಡೆದರೆ ಹೇನಿಗೆ ಹಬ್ಬ.

ಏನೇ ಮಾಡಿದರೂ ಈಗಾಗಲೇ ಮುರುಟಿದ ಎಲೆ ನೆಟ್ಟಗಾಗುವುದಿಲ್ಲ, ಅದನ್ನು ನೋಡಿ ಮದ್ದು ಹತ್ತಲಿಲ್ಲ ಎಂದು ಇನ್ನೊಂದನ್ನು ಹೊಡೆಯಬೇಡಿ. ಇವತ್ತು ಒಂದು ಟೊಂಗೆಯ ತುದಿಗೆ ದಾರ ಕಟ್ಟಿ, ದಾರದಿಂದ ಮೇಲೆ ಬರುವ ಎಲೆಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಎರಡು ಮೂರು ವಾರ ಕಳೆದ ಮೇಲೂ ಅವು ಮುರುಟಿಯೇ ಬಂದರೆ ಎಲೆಯ ಕೆಳಮೈಯ ಫೋಟೋ ಹಾಕಿ, ಮೇಲ್ಮೈಯದಲ್ಲ.