ಓದುಗರ ಪ್ರಶ್ನೆ: ಸಹಿಗೆ ಮುನ್ನ ಒಂದು ರಾತ್ರಿ

ಪ್ರಶ್ನೆ: ಸಹೋದ್ಯೋಗಿಯ ಸಾಲಕ್ಕೆ ಜಾಮೀನು ಹಾಕಿದ್ದೆ. ಅವರು ಕಂತು ಕಟ್ಟಲಿಲ್ಲ, ನನ್ನ ಸಂಬಳದಲ್ಲಿ ಹಿಡಿದರು. ಭಾವಮೈದುನನಿಗೆ ಕೊಟ್ಟ ಕೈಸಾಲವೂ ಬರಲಿಲ್ಲ. ‘ಇನ್ನು ಯಾರನ್ನೂ ನಂಬಬಾರದು’ ಎಂದು ನಿಯಮ ಹಾಕಿಕೊಂಡೆ. ಆದರೂ ಮೊನ್ನೆ ಇನ್ನೊಬ್ಬರ ಅರ್ಜಿಗೆ ಸಹಿ ಹಾಕಿ ಬಂದಿದ್ದೇನೆ. ನನ್ನ ನಿಯಮ ಯಾಕೆ ನಿಲ್ಲುವುದಿಲ್ಲ?
– ಓದುಗರೊಬ್ಬರು, ಹಾಸನ

ಉತ್ತರ: ಮೊದಲು ಮೊನ್ನೆಯ ಸಹಿಯ ವಿಚಾರ. ಸಾಲದ ಹಣ ಇನ್ನೂ ಬಿಡುಗಡೆಯಾಗಿರದಿದ್ದರೆ, ‘ನನ್ನ ಜಾಮೀನು ಹಿಂಪಡೆಯುತ್ತಿದ್ದೇನೆ’ ಎಂದು ಇಂದೇ ಬರೆದು ಕೊಡಿ. ಪತ್ರದ ಪ್ರತಿಯ ಮೇಲೆ ಸ್ವೀಕೃತಿ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಹಣ ಕೈಸೇರಿದ ಮೇಲೆ ಸಾಲ ಕೊಟ್ಟವರು ಒಪ್ಪದೆ ಬಿಡುಗಡೆ ಸಿಗುವುದು ಕಷ್ಟ.

‘ಯಾರನ್ನೂ ನಂಬಬಾರದು’ ಎಂಬುದು ನೋವಿನಲ್ಲಿ ಬಂದ ಮಾತು. ಅದನ್ನು ಪಾಲಿಸಿ ಬದುಕಲು ಯಾರಿಗೂ ಆಗದು, ಹಾಗಾಗಿ ಎದುರಿಗೆ ಕೂತವರ ಕಣ್ಣು ತುಂಬಿದ ಕೂಡಲೇ ಕರಗಿಹೋಗುತ್ತದೆ. ನಿಯಮ ಬೇಕಿರುವುದು ತಪ್ಪು ನಡೆದ ಆ ಐದು ನಿಮಿಷಕ್ಕೆ. ಫಾರಂ ಎಲ್ಲಿ ಕೈಗೆ ಬಂತು? ಸಾಲದ ಮೊತ್ತ ಓದಿದಿರಾ? ಪಕ್ಕದಲ್ಲಿ ಯಾರಿದ್ದರು? ಬಹುತೇಕ ಜಾಮೀನು ಸಹಿಗಳು ಕಚೇರಿಯ ಮೇಜಿನ ಮೇಲೆ, ಚಹಾ ಆರುವುದರೊಳಗೆ ಬೀಳುತ್ತವೆ. ಹಾಗಾಗಿ ನಿಯಮ ಹೀಗಿರಲಿ: ಫಾರಂ ಒಂದು ರಾತ್ರಿ ಮನೆಯಲ್ಲಿರಬೇಕು, ಮನೆಯವರು ಮೊತ್ತ ಓದಬೇಕು, ಅಷ್ಟನ್ನೂ ನಾವೇ ಕಟ್ಟಬಲ್ಲೆವಾದರೆ ಮಾತ್ರ ಸಹಿ.

‘ಅಷ್ಟನ್ನೂ’ ಎಂದದ್ದಕ್ಕೆ ಕಾರಣವಿದೆ. 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಮೊದಲು ಅವರನ್ನು ಕೇಳಿ, ಆಮೇಲೆ ನನ್ನ ಹತ್ತಿರ ಬನ್ನಿ ಎನ್ನಲು ಬರುವುದಿಲ್ಲ. ಹಾಗೆಂದು ಕಡಿತವಾದ ಹಣ ಹೋಯಿತೆಂದು ಬಿಡಬೇಡಿ. ಅದನ್ನು ಸಹೋದ್ಯೋಗಿಯಿಂದ ವಸೂಲಿ ಮಾಡುವ ಹಕ್ಕು 145ನೇ ಕಲಮಿನಲ್ಲಿದೆ. ಕಡಿತ ಕಾಣುವ ಪ್ರತಿ ತಿಂಗಳ ಸಂಬಳ ಚೀಟಿಯನ್ನೂ ಜೋಪಾನ ಮಾಡಿ.

ಇಲ್ಲ ಎನ್ನುವ ಮಾತನ್ನು ಮೊದಲೇ ಬಾಯಿಪಾಠ ಮಾಡಿಕೊಳ್ಳಿ: ‘ಜಾಮೀನು ಬೇಡ ಅಂತ ಮನೆಯಲ್ಲಿ ಮಾತಾಗಿದೆ ಅಣ್ಣ. ಐದು ಸಾವಿರ ಕೊಡ್ತೀನಿ, ವಾಪಸ್ ಬೇಡ.’ ಇಷ್ಟೇ ಸಾಕು. ಕಾರಣ ಕೊಡಲು ಹೊರಟರೆ ಅವರ ಬಳಿ ಅದಕ್ಕೊಂದು ಪರಿಹಾರ ಇದ್ದೇ ಇರುತ್ತದೆ. ಮೊತ್ತ ಎಷ್ಟೆಂಬುದು ನಿಮ್ಮ ಶಕ್ತಿಗೆ ಬಿಟ್ಟದ್ದು. ಬಾರದಿದ್ದರೂ ಸಂಬಂಧ ಕೆಡದಷ್ಟಿರಲಿ.

ದೊಡ್ಡ ಕೈಸಾಲವಾದರೆ ಬ್ಯಾಂಕ್ ಖಾತೆಯಿಂದಲೇ ಕೊಡಿ. 20,000 ರೂಪಾಯಿ ಅಥವಾ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯಲು ಆದಾಯ ತೆರಿಗೆ ಕಾನೂನು ಸಾಮಾನ್ಯವಾಗಿ ಬಿಡುವುದಿಲ್ಲ.

ಭಾವಮೈದುನನ ಹಣದ ವಿಷಯದಲ್ಲಿ ಪಾಸ್‌ಬುಕ್ ತೆಗೆದು ತಾರೀಖು ನೋಡಿ. ವಾಪಸ್ಸಿನ ದಿನ ಗೊತ್ತುಮಾಡದ ಸಾಲಕ್ಕೆ ಕೊಟ್ಟ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು. ಆ ಅವಧಿ ಮುಗಿಯುವ ಮೊದಲೇ ‘ಇಷ್ಟು ಬಾಕಿ ಇದೆ’ ಎಂದು ಅವರು ಬರೆದು ಸಹಿ ಹಾಕಿಕೊಟ್ಟರೆ, ಆ ದಿನದಿಂದ ಹೊಸದಾಗಿ 3 ವರ್ಷ ಸಿಗುತ್ತದೆ. ಬಾಯಿಮಾತಿನ ಭರವಸೆ ಇದಕ್ಕೆ ಸಾಲದು. ಹಬ್ಬಕ್ಕೆ ಮನೆಗೆ ಬಂದಾಗ ನಾಲ್ಕು ಸಾಲು ಬರೆಸಿಕೊಳ್ಳಲು ಸಂಕೋಚ ಬೇಡ.