ಮುಂಡಾಸಿನ ಚಿತ್ರಗಳ ಪರವಾಗಿ

ಪತ್ರ: ‘ಕಳೆದ ಸಂಚಿಕೆಯಲ್ಲಿ ಗುಜರಾತಿ ಸಿನಿಮಾಕ್ಕೆ ನಾಲ್ಕು ಪುಟ ಕೊಟ್ಟಿದ್ದೀರಿ. ಹಿಂದಿ ಚಿತ್ರರಂಗವನ್ನೇ ಆಳಿದವರಿಗೆ ಸ್ವಂತದ್ದೊಂದು ಏಕೆ ಬೇಕಿತ್ತು? ಮುಂಡಾಸು ಸುತ್ತಿಕೊಂಡು ಕುಣಿಯುವ ಹಳ್ಳಿ ಚಿತ್ರಗಳನ್ನೂ ಇತಿಹಾಸವೆನ್ನಬೇಕೆ?’
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ: ಮಾನ್ಯರೇ, ಹಿಂದಿ ಚಿತ್ರರಂಗ ಕಟ್ಟಿದವರಲ್ಲಿ ಗುಜರಾತಿಗಳು ಬಹಳ ಮಂದಿ ಎಂಬುದು ನಿಜ. ರಂಜಿತ್ ಸಂಸ್ಥೆಯ ಚಂದೂಲಾಲ್ ಶಾ, ಸಾಗರ್ ಮೂವಿಟೋನಿನ ಚಿಮನ್‌ಲಾಲ್ ದೇಸಾಯಿ, ಬಿಲಿಮೋರಾ ಕಡೆಯ ಮೆಹಬೂಬ್ ಖಾನ್. ಎಂಬತ್ತರ ದಶಕದ ಹೊತ್ತಿಗೆ ಹಳ್ಳಿ ಚಿತ್ರಗಳು ಹಳಸಿದ್ದವೆಂಬುದನ್ನೂ ಒಪ್ಪುತ್ತೇನೆ. ಮಿಕ್ಕದ್ದಕ್ಕೆ ನನ್ನ ತಕರಾರಿದೆ.

ಗುಜರಾತಿಯ ಮೊದಲ ವಾಕ್ಚಿತ್ರ ‘ನರಸಿಂಹ ಮೆಹ್ತಾ’ ಬಂದದ್ದು 1932ರಲ್ಲಿ, ನಮ್ಮ ‘ಸತಿ ಸುಲೋಚನಾ’ಗಿಂತ ಎರಡು ವರ್ಷ ಮೊದಲು. ತಯಾರಿಸಿದ್ದು ಮುಂಬಯಿಯ ಅದೇ ಸಾಗರ್. ಅಲ್ಲಿಂದ ದಶಕಗಳ ಕಾಲ ಗುಜರಾತಿ ಚಿತ್ರ ಮುಂಬಯಿಯ ಬಾಡಿಗೆ ಮನೆಯಲ್ಲಿಯೇ ಬದುಕಿತು. ಹಿಂದಿಯಲ್ಲಿ ತೆಗೆದರೆ ದೇಶವೆಲ್ಲ ಮಾರುಕಟ್ಟೆ. ಹಣವಂತರು ತಾಯ್ನುಡಿಗೇಕೆ ಕೈಹಾಕಿಯಾರು? 1946ರ ‘ರಾಣಕದೇವಿ’ಯಲ್ಲಿ ಮೊದಲು ಬಣ್ಣ ಹಚ್ಚಿದ ನಿರೂಪಾ ರಾಯ್ ಕೂಡ ಕೊನೆಗೆ ಹಿಂದಿ ನಾಯಕರ ಅಮ್ಮನಾಗಿಯೇ ಹೆಸರಾದರು.

ಆ ಭಾಷೆಯ ಸಿನಿಮಾವನ್ನು ಎತ್ತಿ ನಿಲ್ಲಿಸಿದ್ದು ನೀವು ಹಳಿದ ಮುಂಡಾಸಿನ ಚಿತ್ರಗಳೇ. ಹಿಂದಿಯಲ್ಲಿ ವರ್ಷಗಟ್ಟಲೆ ದುಡಿದಿದ್ದ ರವೀಂದ್ರ ದವೆ 1971ರಲ್ಲಿ ‘ಜೇಸಲ್ ತೋರಲ್’ ತೆಗೆದರು. ನಾಯಕ ಉಪೇಂದ್ರ ತ್ರಿವೇದಿ. ದೂರದರ್ಶನದ ರಾಮಾಯಣದಲ್ಲಿ ರಾವಣನಾದ ಅರವಿಂದ ತ್ರಿವೇದಿಯವರ ಅಣ್ಣ. ಕಥೆ ಕಚ್ಛಿನದು. ದರೋಡೆಕೋರ ಜೇಸಲ್ ಮತ್ತು ಸಂತಳಾದ ತೋರಲ್ ಕುಳಿತ ದೋಣಿ ಬಿರುಗಾಳಿಗೆ ಸಿಕ್ಕಿ ಮುಳುಗುವಂತಾಗುತ್ತದೆ. ಮಾಡಿದ ಪಾಪವನ್ನೆಲ್ಲ ಬಾಯಿಬಿಟ್ಟು ಹೇಳು ಎನ್ನುತ್ತಾಳೆ ತೋರಲ್. ಹೊಡೆದುಕೊಂಡು ಹೋದ ದನ, ಕೊಂದ ನವಿಲು, ದೋಚಿದ ಮದುವೆ ದಿಬ್ಬಣ, ಎಲ್ಲವೂ ಹೊರಬರುತ್ತವೆ. ಈ ಪಾಪನಿವೇದನೆಯ ಭಜನೆಯನ್ನು ಕಚ್ಛ್, ಸೌರಾಷ್ಟ್ರಗಳ ಜನ ತಲೆಮಾರುಗಳಿಂದ ಹಾಡಿಕೊಂಡು ಬಂದಿದ್ದರು. ತಮ್ಮೂರಿನ ಹಾಡು ತೆರೆಯ ಮೇಲೆ ಕೇಳಿಸಿದಾಗ ಅವರು ಮುಗಿಬಿದ್ದು ನೋಡಿದರು. ಇದನ್ನು ಇತಿಹಾಸವೆನ್ನದೆ ಇನ್ನೇನೆನ್ನಲಿ?

ಪನ್ನಾಲಾಲ್ ಪಟೇಲರ ಕಥೆಯಿಂದ ಕಾಂತಿಲಾಲ್ ರಾಠೋಡ್ 1969ರಲ್ಲಿ ‘ಕಂಕು’ ಮಾಡಿದ್ದರಲ್ಲ, ಅಂಥ ಕಲಾತ್ಮಕ ಚಿತ್ರ ಸಾಲದೆ ಎಂದು ನೀವು ಕೇಳಬಹುದು. ಒಳ್ಳೆಯ ಚಿತ್ರ, ಸಂಶಯವಿಲ್ಲ. ಆದರೆ ಪಂಡಿತರು ಕೊಂಡಾಡುವ ಕೇತನ್ ಮೆಹ್ತಾರ ‘ಭವನಿ ಭವಾಯಿ’ (1980) ಎಲ್ಲಿಂದ ಬಂತು? ಭವಾಯಿ ಎಂಬ ಬಯಲಾಟದಿಂದ. ಅದನ್ನು ಕಟ್ಟಿದ ಅಸಾಯಿತ ಠಾಕರ್, ಪಟೇಲರ ಹುಡುಗಿಯೊಬ್ಬಳನ್ನು ಕಾಪಾಡಲು ಅವಳೊಡನೆ ಉಂಡು ಜಾತಿಯಿಂದ ಹೊರಬಿದ್ದ ಬ್ರಾಹ್ಮಣ ಎಂಬುದು ಐತಿಹ್ಯ. ಚಿತ್ರದಲ್ಲಿ ದಲಿತರು ಕೊರಳಿಗೆ ಉಗುಳುವ ಮಡಕೆ, ಬೆನ್ನಿಗೆ ಪೊರಕೆ ಕಟ್ಟಿಕೊಂಡು ನಡೆಯುತ್ತಾರೆ. ಆ ನೋಟವನ್ನು ಒಮ್ಮೆ ನೋಡಿ. ಹಳ್ಳಿ ಆಟವೆಂದು ಮತ್ತೆ ಮೂಗು ಮುರಿಯಲಾರಿರಿ.

ನನಗೆ ನಿಜಕ್ಕೂ ಸಂಕಟವಾಗುವುದು ‘ಮಂಥನ್’ ನೆನೆದಾಗ. ನಮ್ಮ ಗಿರೀಶ ಕಾರ್ನಾಡರು ನಾಯಕರಾಗಿದ್ದ, ಹಾಲಿನ ಸಹಕಾರ ಸಂಘದ ಕಥೆಯ 1976ರ ಆ ಚಿತ್ರಕ್ಕೆ ಗುಜರಾತಿನ 5 ಲಕ್ಷ ಹೈನುಗಾರರು ತಲಾ 2 ರೂಪಾಯಿ ಕೊಟ್ಟರು. ಊರು ಅವರದು, ಹಾಲು ಅವರದು, ಹಣ ಅವರದು, ಚಿತ್ರ ಹಿಂದಿಯದು! ಕನ್ನಡಕ್ಕೆ 1970ರ ‘ಸಂಸ್ಕಾರ’ ತಂದುಕೊಟ್ಟ, ದೇಶದ ಅತ್ಯುತ್ತಮ ಚಿತ್ರಕ್ಕೆ ಸಲ್ಲುವ ಸ್ವರ್ಣಕಮಲ ಗುಜರಾತಿಗೆ ದಕ್ಕಿದ್ದು 2019ರಲ್ಲಿ, ‘ಹೆಲ್ಲಾರೋ’ ಚಿತ್ರದಿಂದ. ಅದರ ವಸ್ತುವೇನು ಗೊತ್ತೆ? ಗರ್ಬಾ ಆಡಬಾರದೆಂದು ಗಂಡಸರು ಕಟ್ಟಿಹಾಕಿದ ಕಚ್ಛಿನ ಹೆಂಗಸರು ನೀರಿಗೆ ಹೋದಾಗ ಕದ್ದು ಕುಣಿಯುವುದು. ಹೌದು, ಕುಣಿತವೇ.

ನಮ್ಮಲ್ಲೂ ಈ ಚಾಳಿ ಇದೆ. ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ಎರಡು ವಾರ ನಿಂತದ್ದಕ್ಕೆ ಪುಟಗಟ್ಟಲೆ ವಿಮರ್ಶೆ; ತಾಲ್ಲೂಕು ಟಾಕೀಸಿನಲ್ಲಿ ಜನ ಗಾಡಿ ಕಟ್ಟಿಕೊಂಡು ಬಂದು ನೋಡಿದ್ದಕ್ಕೆ ಒಂದು ಸಾಲೂ ಇಲ್ಲ. ನಾಟಕ ಕಂಪನಿಗಳನ್ನು ಸಾಕಿದ ಊರು ನಿಮ್ಮದು. ಅಲ್ಲಿನ ಟೆಂಟು, ಟಾಕೀಸುಗಳಲ್ಲಿ ಏನು ನೋಡಿದರು, ಯಾವ ಹಾಡಿಗೆ ಕಾಸು ಎಸೆದರು ಎಂದು ನಿಮ್ಮ ಮನೆಯ ಹಿರಿಯರನ್ನು ಕೇಳಿ ಬರೆದು ಕಳುಹಿಸಿ. ಒಂದಕ್ಷರ ಕತ್ತರಿಸದೆ ಅಚ್ಚು ಹಾಕುತ್ತೇನೆ.